ಶಾವಿಗೆಗೆ ಒಂದು ಚಮಚ ಎಣ್ಣೆ

ಅಕ್ಕೋರು ಸೀರೆಯ ನೆರಿಗೆಯನ್ನು ನಡುವೆ ಸಿಗಿಸುತ್ತಿರಲಿಲ್ಲ, ನಾಲ್ಕು ಬೆರಳು ಎಡಕ್ಕೆ ಸರಿಸಿ ಸಿಗಿಸುತ್ತಿದ್ದರು. ಹೊಕ್ಕುಳಿನ ಪಕ್ಕದಿಂದ ಕೆಳಗಿಳಿದಿದ್ದ ಆಪರೇಷನ್ನಿನ ಕಲೆಗೆ ಒತ್ತಬಾರದು ಎಂದು. ಹೀಗಾಗಿ ನೆರಿಗೆಯೆಲ್ಲ ಒಂದು ಕಡೆ ವಾಲಿ, ಅವಸರದಲ್ಲಿ ಉಟ್ಟು ಬಂದವರ ಹಾಗೆ ಕಾಣುತ್ತಿದ್ದರು. ಅವಸರ ಎಂಬುದು ಅವರ ಜಾಯಮಾನದಲ್ಲೇ ಇರಲಿಲ್ಲ.

ಪುಣೆ ಹತ್ತಿರದ ತಳೇಗಾಂವದ ಒಂದು ಕಾಲೇಜಿನಲ್ಲಿ ಅವರು ಔಷಧಶಾಸ್ತ್ರ ಕಲಿಸುತ್ತಿದ್ದರು, ಜೊತೆಗೆ ಸಂಶೋಧನೆ. ನಾನು ಅವರ ಪ್ರಯೋಗಶಾಲೆಯ ಸಹಾಯಕ. ಇಲಿಗಳ ಪಂಜರ ತೊಳೆಯುವುದರಿಂದ ಹಿಡಿದು ಔಷಧ ಅಳೆದು ಕೊಡುವ ತನಕ ಎಲ್ಲವೂ ನನ್ನ ಕೆಲಸ. ಉಳಿದವರಿಗೆ ಅವರು ಮೇಡಂ. ನಾನು ಗದಗಿನ ಕಡೆಯವನು, ಅವರು ವಿಜಯಪುರದವರು. ಅದು ಗೊತ್ತಾದ ದಿನದಿಂದ ನನ್ನ ಬಾಯಲ್ಲಿ ಅಕ್ಕೋರು ಆದರು. ನಮ್ಮ ಕಡೆ ಕಲಿಸುವ ಹೆಂಗಸರನ್ನು ಕರೆಯುವುದೇ ಹಾಗೆ. ಅವರಿಗೆ ನಾನು ತಮ್ಮ.

ಪುಣೆಯ ಸದಾಶಿವ ಪೇಠದಲ್ಲಿ ತಂಗಿಯ ಜೊತೆ ಇದ್ದರು. ದಿನಾ ಲೋಕಲ್ ರೈಲು ಹಿಡಿದು ಬರುತ್ತಿದ್ದರು. ಹೊಟ್ಟೆ ತುಂಬ ಒಮ್ಮೆಗೇ ಉಣ್ಣುವ ಹಾಗಿರಲಿಲ್ಲ. ಡಬ್ಬಿಯಲ್ಲಿ ನುಣ್ಣಗೆ ಕಲಸಿದ ಮೊಸರನ್ನ ತಂದು ಸ್ಟೇಷನ್ನಿಗೊಂದು ಚಮಚ ತಿನ್ನುವುದು ಅವರ ಪದ್ಧತಿ. ಒಮ್ಮೆ ಜೊತೆಯಲ್ಲಿ ಬಂದಾಗ ನಾನೇ ನೋಡಿದ್ದೇನೆ, ಶಿವಾಜಿನಗರ ಬಿಟ್ಟ ಮೇಲೆ ಎಣಿಸಿದರೆ ದೇಹೂ ರೋಡಿಗೆ ಸರಿಯಾಗಿ ಏಳನೆಯ ಚಮಚ. ಗಾಡಿ ಸಿಗ್ನಲ್ಲಿಗೆ ನಿಂತರೆ ಅದು ಸ್ಟೇಷನ್ ಅಲ್ಲ ಎಂದು ಚಮಚವೂ ನಿಲ್ಲುತ್ತಿತ್ತು. ನಕ್ಕರೆ ಅವರೂ ನಗುತ್ತಿದ್ದರು, ಆದರೆ ಲೆಕ್ಕ ತಪ್ಪುತ್ತಿರಲಿಲ್ಲ.

ಕಾಯಿಲೆ ಏನೆಂದು ನಾನು ಕೇಳಿರಲಿಲ್ಲ, ತಾವೇ ಹೇಳಿದರು. ಇಪ್ಪತ್ತರ ವಯಸ್ಸಿನಲ್ಲಿ ಅಪೆಂಡಿಕ್ಸ್ ಒಡೆದು ಆಪರೇಷನ್ ಆಗಿತ್ತು. ಗಾಯವೇನೋ ಮಾಯಿತು, ಆದರೆ ಒಳಗೆ ಕರುಳಿಗೆ ಕರುಳು ಅಂಟಿಕೊಂಡಿತು. ಆ ಅಂಟು ಬಿಡಿಸಲು ಕೆಲವು ವರ್ಷಗಳ ಮೇಲೆ ಮತ್ತೆ ಹೊಟ್ಟೆ ತೆರೆದರು. ತೆರೆದದ್ದರಿಂದಲೇ ಮತ್ತೆ ಅಂಟಿತು.

"ಶಾವಿಗಿ ಬೇಯಿಸಿ ಹಂಗ ಬಿಟ್ರ ಏನಾಗ್ತದ?" ಎಂದು ಕೇಳಿದರು.

"ಅಂಟಿ ಮುದ್ದಿ ಆಗ್ತದ್ರಿ. ನಮ್ಮವ್ವ ಒಂದು ಚಮಚ ಎಣ್ಣಿ ಬಿಡ್ತಾಳ್ರಿ."

"ಹಾಂ. ನನ್ನ ಹೊಟ್ಟ್ಯಾಗೂ ಅದ ಆಗೇದ, ತಮ್ಮಾ."

ಈ ಮಾತನ್ನು ನೆನಪಿಡಿ. ನಾವಿಬ್ಬರೂ ನೆನಪಿಡಲಿಲ್ಲ.

ಅವರ ಸಂಶೋಧನೆಯೂ ಇದರದ್ದೇ. ಕತ್ತರಿ ಆಡಿದ ಜಾಗದಲ್ಲಿ ಉರಿಯೂತ ಆಗುತ್ತದೆ. ಆಗ ಹುಟ್ಟುವ ಕೆಲವು ವಸ್ತುಗಳು ಕಬ್ಬಿಣಕ್ಕೆ ತುಕ್ಕು ಹಿಡಿಸಿದಂತೆ ಕರುಳಿನ ನುಣುಪಾದ ಮೈಯನ್ನು ಕೆಡಿಸುತ್ತವೆ, ಕೆಟ್ಟ ಮೈ ಪಕ್ಕದ್ದಕ್ಕೆ ಅಂಟುತ್ತದೆ. ಆ ತುಕ್ಕನ್ನು ತಡೆಯುವ ಆಂಟಿಆಕ್ಸಿಡೆಂಟ್ ಒಂದನ್ನು ಹೊಲಿಗೆ ಹಾಕುವ ಮುಂಚೆಯೇ ಹೊಟ್ಟೆಯೊಳಗೆ ಬಿಟ್ಟರೆ ಅಂಟು ನಿಲ್ಲಬಹುದು ಎಂಬುದು ಅವರ ವಿಚಾರ. ಅವರು ಆರಿಸಿಕೊಂಡದ್ದು ವಿಟಮಿನ್ ಇ. ಅದು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ, ಹಾಗಾಗಿ ಎಣ್ಣೆಯಲ್ಲೇ ಬೆರೆಸಿ ಕೊಡುತ್ತಿದ್ದೆವು. ಅವರಿಗೆ ಮೂರನೆಯ ಆಪರೇಷನ್ ಇಂದಲ್ಲ ನಾಳೆ ತಪ್ಪಿದ್ದಲ್ಲ. ಸಂಶೋಧನೆಯ ಪ್ರಬಂಧ ಪ್ರಕಟವಾಗಲಿ, ಆಮೇಲೆ ಮನುಷ್ಯರ ಮೇಲೆ ನೋಡಲು ಅನುಮತಿ ಕೇಳೋಣ ಎಂದು ಅವರ ಸರ್ಜನ್ ಹೇಳಿದ್ದರಂತೆ. ಅಷ್ಟಕ್ಕೆಲ್ಲ ವರ್ಷಗಟ್ಟಲೆ ಬೇಕು ಎಂದು ಅವರಿಗೆ ಗೊತ್ತಿತ್ತು. ಆದರೂ ಆಸೆ ಇತ್ತು, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ.

ಇಲಿಯನ್ನು ಎತ್ತಿಕೊಳ್ಳುವ ಮುಂಚೆ ಅಂಗೈ ಎರಡನ್ನೂ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರು. ತಣ್ಣನೆಯ ಕೈಯಲ್ಲಿ ಹಿಡಿದರೆ ಅದಕ್ಕೆ ಮುಂದಿನದೆಲ್ಲ ತಿಳಿಯುತ್ತದೆ ಎನ್ನುತ್ತಿದ್ದರು. ಇಲಿಗೆ ಅಷ್ಟೆಲ್ಲ ತಿಳಿಯುತ್ತದೆಯೋ ಇಲ್ಲವೋ, ನನಗಂತೂ ಆ ಅಭ್ಯಾಸ ಅಂಟಿತು.

ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಇದ್ದವು: ಇಲಿಯ ಸಂಖ್ಯೆ, ಕೊಟ್ಟದ್ದು, ಅಂಕ. ಇಲಿಗಳ ಹೊಟ್ಟೆ ಕೊಯ್ದು ಹೊಲಿದ ಎರಡು ವಾರದ ಮೇಲೆ ಮತ್ತೆ ತೆರೆದು ನೋಡಿ ಅಕ್ಕೋರು ಅಂಕ ಹಾಕುವರು. ಸೊನ್ನೆ ಎಂದರೆ ಒಳಗೆಲ್ಲ ಸಲೀಸು, ನಾಲ್ಕು ಎಂದರೆ ಎಲ್ಲ ಸೇರಿ ಒಂದೇ ಮುದ್ದೆ. ಯಾವ ಇಲಿಗೆ ಏನು ಕೊಟ್ಟದ್ದು ಎಂದು ನನಗೆ ಮಾತ್ರ ಗೊತ್ತು. ಅಂಕವೆಲ್ಲ ಬಿದ್ದ ಮೇಲೆಯೇ ನಾನು ನಡುವಿನ ಕಾಲಂ ತುಂಬಬೇಕು. ನನ್ನ ಮುಖ ನೋಡಿದರೂ ಗೊತ್ತಾಗಿಬಿಡುತ್ತದೆ ಎಂದು ಅಂಕ ಹಾಕುವ ದಿನ ನನ್ನನ್ನು ಹೊರಗೆ ಕೂರಿಸುತ್ತಿದ್ದರು.

ಆ ಸಲ ನಾನು ನಡುವಿನ ಕಾಲಂ ತುಂಬುತ್ತ ಹೋದಂತೆ ಅವರ ಉಸಿರು ಬದಲಾಯಿತು. ಔಷಧ ಕೊಟ್ಟ ಇಲಿಗಳಿಗೆ ಸೊನ್ನೆ, ಒಂದು, ಸೊನ್ನೆ. ಕೊಡದವಕ್ಕೆ ಮೂರು, ನಾಲ್ಕು, ಮೂರು. ಅಕ್ಕೋರು ಸೀರೆಯ ಮೇಲಿಂದಲೇ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡರು. ಮರುದಿನ ಇಡೀ ವಿಭಾಗಕ್ಕೆ ಪೇಢೆ ಹಂಚಿದರು. ತಾವೂ ಒಂದು ಚೂರು ತಿಂದರು, ಸ್ಟೇಷನ್ನಿನ ಲೆಕ್ಕವಿಲ್ಲದೆ.

ಪ್ರಬಂಧ ಬರೆದು ಸಂಶೋಧನಾ ಪತ್ರಿಕೆಗೆ ಕಳಿಸಿದ ಕೆಲವು ತಿಂಗಳಿಗೆ ಒಂದೇ ಒಂದು ಪ್ರಶ್ನೆ ಬಂತು. ಔಷಧ ಕೊಡದ ಗುಂಪಿಗೆ ಅದೇ ಎಣ್ಣೆಯನ್ನು ಔಷಧ ಬೆರೆಸದೆ ಕೊಟ್ಟಿದ್ದೀರಿ ತಾನೇ? ಅಕ್ಕೋರು ನನ್ನನ್ನು ಕರೆದು ಸುಮ್ಮನೆ ಖಾತ್ರಿಗೆಂದು ಕೇಳಿದರು.

"ಇಲ್ರಿ ಅಕ್ಕೋರ. ಔಷಧ ಬ್ಯಾಡ ಅಂತ ಇತ್ತಲ್ರಿ. ಬರೇ ಉಪ್ಪಿನ ನೀರು ಬಿಟ್ಟೇನ್ರಿ."

ಅವರು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನೋಟ್‌ಬುಕ್ ತೆಗೆದು ತಾವು ಬರೆದುಕೊಟ್ಟಿದ್ದ ಸೂಚನೆಯನ್ನು ಮತ್ತೆ ಮತ್ತೆ ಓದಿದರು. ಅದರಲ್ಲಿ 'ಔಷಧ ಬೇಡ' ಎಂದಷ್ಟೇ ಇತ್ತು. ಎಣ್ಣೆಯ ಮಾತು ಇರಲಿಲ್ಲ.

"ತಪ್ಪು ನಂದು," ಎಂದರು. "ಬ್ಯಾಡ ಅಂತ ಬರದ್ರ ಸಾಲದು, ಏನೇನು ಬ್ಯಾಡ, ಏನು ಬೇಕು ಅಂತ ಬಿಡಿಸಿ ಬರೀಬೇಕು."

ವಿಭಾಗದ ಮುಖ್ಯಸ್ಥರು ಮರಾಠಿಯಲ್ಲಿ ಸಮಾಧಾನ ಹೇಳಿದರು. ಇಷ್ಟೊಂದು ತಲೆಕೆಡಿಸಿಕೊಳ್ಳದ ಬೇರೆ ಪತ್ರಿಕೆಗೆ ಕಳಿಸಿಬಿಡಿ, ಹುಡುಗ ಎಣ್ಣೆಯನ್ನೇ ಕೊಟ್ಟಿದ್ದಾನೆ ಎಂದುಕೊಂಡರಾಯಿತು ಎಂಬರ್ಥದ ಮಾತು. ನಾನೂ ಒಳಗೊಳಗೇ ಹಾಗೇ ಆಗಲಿ ಎಂದುಕೊಂಡೆ, ಸುಳ್ಳೇಕೆ ಹೇಳಲಿ. ಅಕ್ಕೋರು ಆ ಸಂಜೆಯೇ ಪ್ರಬಂಧವನ್ನು ಹಿಂದಕ್ಕೆ ಪಡೆದರು. ಕಾರಣದಲ್ಲಿ ತಮ್ಮ ತಪ್ಪು ಎಂದು ಬರೆದರು, ನನ್ನ ಹೆಸರು ಎಲ್ಲೂ ಬರಲಿಲ್ಲ. ಇವತ್ತೂ ನನಗೆ ಆ ಕೆಲಸ ಇರುವುದು ಅದರಿಂದ.

ಪ್ರಯೋಗ ಮೊದಲಿಂದ ಮಾಡಿದೆವು. ಈ ಸಲ ಮೂರು ಗುಂಪು: ಔಷಧ ಬೆರೆಸಿದ ಎಣ್ಣೆ, ಬರೀ ಎಣ್ಣೆ, ಉಪ್ಪಿನ ನೀರು. ಅಂಕ ಬಿದ್ದ ಮೇಲೆ ನಡುವಿನ ಕಾಲಂ ತುಂಬಿದೆ. ಬರೀ ಎಣ್ಣೆಯ ಇಲಿಗಳಿಗೂ ಸೊನ್ನೆ, ಒಂದು, ಒಂದು. ಔಷಧ ಏನನ್ನೂ ಮಾಡಿರಲಿಲ್ಲ. ಮಾಡಿದ್ದೆಲ್ಲ ಎಣ್ಣೆಯ ಜಾರಿಕೆ.

"ಶಾವಿಗಿ," ಎಂದರು ಅಕ್ಕೋರು.

ಹಾಗಾದರೆ ಎಣ್ಣೆಯನ್ನೇ ಬಿಡಬಹುದಲ್ಲ ಎಂದೆ, ದಡ್ಡನಂತೆ. ಆಗುವುದಿಲ್ಲ ಎಂದರು. ಮೈಯೊಳಗೆ ಉಳಿದ ಎಣ್ಣೆ ಮುಂದೆ ತಾನೇ ಗಂಟು ಕಟ್ಟುತ್ತದೆ, ಮನುಷ್ಯರ ಹೊಟ್ಟೆಗೆ ಅದನ್ನು ಸುರಿಯಲು ಯಾವ ಡಾಕ್ಟರೂ ಒಪ್ಪುವುದಿಲ್ಲ. ಬೇರೆ ಊರುಗಳಲ್ಲಿ ಬೇರೆಯವರು ಬೇರೆ ವಸ್ತು ನೋಡುತ್ತಿದ್ದಾರೆ, ಯಾರಿಗೋ ಸಿಕ್ಕೀತು ಎಂದರು. ಆ ಯಾರಿಗೋ ಸಿಗುವ ತನಕ ತಮ್ಮ ಕರುಳು ಕಾಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ಅದಾಗಿ ಒಂದು ವರ್ಷವೂ ತುಂಬಿರಲಿಲ್ಲ. ಮೊಸರನ್ನದ ಚಮಚ ಎರಡು ಸ್ಟೇಷನ್ನಿಗೊಂದಾಯಿತು, ಆಮೇಲೆ ಡಬ್ಬಿಯೇ ಬರಲಿಲ್ಲ. ಕರುಳು ಪೂರ್ತಿ ಕಟ್ಟಿಕೊಂಡು ವಾಂತಿ ನಿಲ್ಲದೆ ಪುಣೆಯಲ್ಲಿ ಅಡ್ಮಿಟ್ ಆದರು. ಆಪರೇಷನ್ ಥಿಯೇಟರಿನ ಬಾಗಿಲ ಬಳಿ ಅವರ ತಂಗಿ ಇದ್ದರು, ನಾನಿದ್ದೆ. ನಾನು ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ಅವರ ಕೈ ಹಿಡಿದೆ. ಅವರು ಅದನ್ನು ಗಮನಿಸಿ ನಕ್ಕರು. ಎಂಥ ಕೆಲಸ ಮಾಡಿದೆ ಎಂದು ನನಗೆ ಆಮೇಲೆ ಹೊಳೆಯಿತು.

"ಡಾಕ್ಟರ್ನ ಕೇಳಿ ನನ್ನ ಅಂಕ ಎಷ್ಟಂತ ಬರಕೋ," ಎಂದರು. "ಬಿಡಬ್ಯಾಡ, ತಮ್ಮಾ."

ಸರ್ಜನ್ ಹೊರಗೆ ಬಂದು ತಂಗಿಯ ಪಕ್ಕ ಕೂತರು. ಎಲ್ಲಿ ಅಂಟು ಬಿಡಿಸಲು ಹೋದರೂ ಕರುಳು ಅಲ್ಲೇ ಹರಿಯುತ್ತಿತ್ತು ಎಂದರು. ನಾನು ಅವರ ಹಿಂದೆ ಹೋಗಿ ಸೊನ್ನೆಯಿಂದ ನಾಲ್ಕರ ಲೆಕ್ಕ ವಿವರಿಸಿ ಕೇಳಿದೆ. ಮೊದಲು ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಆಮೇಲೆ ಕೇಳಲು ಹೇಳಿದವರು ಯಾರು ಎಂದು ತಿಳಿಯಿತೇನೋ, ನಾಲ್ಕು ಎಂದು ಹೇಳಿ ಹೋದರು. ಅಕ್ಕೋರು ನಾಲ್ಕನೆಯ ದಿನ ತೀರಿಕೊಂಡರು.

ಎಲ್ಲ ಮುಗಿದ ಮೇಲೆ ತಳೇಗಾಂವಕ್ಕೆ ಹೋಗಿ ನೋಟ್‌ಬುಕ್ ತೆಗೆದೆ. ಕೊನೆಯ ಇಲಿಯ ಕೆಳಗೆ, ಸಂಖ್ಯೆಯ ಜಾಗದಲ್ಲಿ ಅಕ್ಕೋರು ಎಂದು ಬರೆದೆ. ಅಂಕದ ಕಾಲಂನಲ್ಲಿ ನಾಲ್ಕು. ನಡುವಿನ ಕಾಲಂ ತುಂಬುವುದು ಯಾವಾಗಲೂ ನನ್ನ ಕೆಲಸ, ಅದೂ ಅಂಕ ಬಿದ್ದ ಮೇಲೆ. ಅವರು ಕಲಿಸಿದ ಹಾಗೆಯೇ ಬರೆದೆ: ಔಷಧ ಕೊಟ್ಟಿಲ್ಲ, ಎಣ್ಣೆಯನ್ನೂ ಕೊಟ್ಟಿಲ್ಲ.