ತಮ್ಮ ಕೊಟ್ಟ ಮಾತ್ರೆ

ನಮ್ಮ ಲಾಂಡ್ರಿಯಲ್ಲಿ ಆಕೆಗೆ ಗೆರೆಯಕ್ಕ ಅಂತ ಹೆಸರು. ಆಕೆ ಇಸ್ತ್ರಿ ಮಾಡಿದ ಪ್ಯಾಂಟಿನ ಗೆರೆಯಲ್ಲಿ ತರಕಾರಿ ಹೆಚ್ಚಬಹುದು ಎಂದು ನಾವು ತಮಾಷೆ ಮಾಡುತ್ತಿದ್ದೆವು. ಪಕ್ಕದ ಮೇಜು ನನ್ನದು. ಹದಿನೆಂಟು ವರ್ಷ ಆಕೆ ನಿಂತೇ ದುಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಬೆನ್ನು ಹಿಡಿದುಕೊಂಡರೆ, ತಮ್ಮನ ಔಷಧಿ ಅಂಗಡಿಯ ಬಿಳಿ ಮಾತ್ರೆಯೊಂದನ್ನು ಬಾಯಿಗೆ ಹಾಕಿಕೊಂಡು ಮತ್ತೆ ಇಸ್ತ್ರಿಪೆಟ್ಟಿಗೆ ಎತ್ತುತ್ತಿದ್ದಳು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಆ ತಮ್ಮನನ್ನು ಓದಿಸಿದವಳು ಆಕೆಯೇ. ಅವನ ಸುದ್ದಿ ಎತ್ತಿದರೆ ಸಾಕು, ಮುಖ ಅರಳುತ್ತಿತ್ತು.

ಕಳೆದ ವರ್ಷ ಹೊಟ್ಟೆನೋವು ಶುರುವಾಯಿತು. ಹೊಕ್ಕುಳಿನ ಮೇಲ್ಭಾಗದಲ್ಲಿ ಒಂದೇ ಸಮನೆ ಉರಿ. ನಾವೇನು ಬಾಯಿ ಮುಚ್ಚಿಕೊಂಡಿರುವ ಜನವೇ? ಗ್ಯಾಸ್ ಎಂದೆ ನಾನು. ಕಲ್ಲು ಎಂದರು ಮಾಲೀಕರು. ಆಕೆಯ ತಮ್ಮ ಗುಲಾಬಿ ಬಣ್ಣದ ಔಷಧಿಯ ಬಾಟಲಿ ಕೊಟ್ಟ. ಅದು ಮುಗಿಯುವ ತನಕ ಹಾಯೆನಿಸುತ್ತಿತ್ತು, ಆಮೇಲೆ ಯಥಾಪ್ರಕಾರ. ಎಂಟು ತಿಂಗಳಲ್ಲಿ ಆಕೆ ಅರ್ಧವಾದಳು.

ಕೊನೆಗೆ ನಾನೇ ಜಗಳವಾಡಿ ದೊಡ್ಡಾಸ್ಪತ್ರೆಗೆ ಹೊರಡಿಸಿದೆ. ತಮ್ಮನೂ ಬಂದ.

"ದಿನಾ ಏನಾದ್ರೂ ಮಾತ್ರೆ ತಗೋತೀರಾ?" ಎಂದು ಡಾಕ್ಟರಮ್ಮ ಕೇಳಿದರು.

"ಏನೂ ಇಲ್ಲಮ್ಮ" ಎಂದಳು ಗೆರೆಯಕ್ಕ.

ಆಕೆ ಸುಳ್ಳು ಹೇಳಲಿಲ್ಲ. ಮಾತ್ರೆ ಎಂದರೆ ಡಾಕ್ಟರು ಬರೆದುಕೊಡುವುದು; ಒಡಹುಟ್ಟಿದ ತಮ್ಮ ಕೈಯಾರೆ ಕೊಟ್ಟದ್ದನ್ನು ಆಕೆ ಎಂದೂ ಆ ಲೆಕ್ಕಕ್ಕೆ ಸೇರಿಸಿರಲಿಲ್ಲ. ನನ್ನ ಮಂದ ತಲೆಗೂ ಹೊಳೆಯಲಿಲ್ಲ. ತಮ್ಮ ಮಾತ್ರ ಕಿಟಕಿಯಾಚೆ ನೋಡುತ್ತ ನಿಂತಿದ್ದ.

ಎರಡು ವಾರ ಓಡಾಡಿದ ಮೇಲೆ ಸ್ಕ್ಯಾನಿಂಗ್ ಆಯಿತು. ಪಿತ್ತಕೋಶದಲ್ಲಿ ಕಲ್ಲಿಲ್ಲ, ಕಿಡ್ನಿ ಸರಿಯಿದೆ. ರಕ್ತ ಮಾತ್ರ ತೀರಾ ಕಡಿಮೆ. ಬಾಯಿಯಿಂದ ಕೊಳವೆ ಇಳಿಸಿ ನೋಡಿದಾಗ ಜಠರದಲ್ಲಿ ಹುಣ್ಣು ಕಂಡಿತು, ಅದರಿಂದ ರಕ್ತ ಜಿನುಗುತ್ತಿತ್ತು.

"ನೋವಿನ ಮಾತ್ರೆ ನುಂಗಿ ನುಂಗಿ ಹೀಗಾಗತ್ತೆ. ನಿಜ ಹೇಳಿ" ಎಂದರು ಡಾಕ್ಟರಮ್ಮ.

ಗೆರೆಯಕ್ಕ ಚೀಲದಿಂದ ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು.

"ಇದೇ! ಇವತ್ತೇ ನಿಲ್ಲಿಸಿ. ಮೊದಲ ದಿನಾನೇ ಹೇಳಿದ್ರೆ ಇಷ್ಟು ದೂರ ಬರ್ತಿರ್ಲಿಲ್ಲ."

ಹೊರಗೆ ಬೆಂಚಿನ ಮೇಲೆ ಕುಳಿತು ಆಕೆ ತಮ್ಮನನ್ನು ಕೇಳಿದಳು: "ಅವತ್ತು ಪಕ್ಕದಲ್ಲೇ ಇದ್ಯಲ್ಲೋ. ಯಾಕೆ ಹೇಳ್ಲಿಲ್ಲ?"

"ಡಾಕ್ಟರ ಚೀಟಿ ಇಲ್ದೆ ಕೊಟ್ಟಿದ್ದು ಗೊತ್ತಾದ್ರೆ ಅಂಗಡಿಗೆ ತೊಂದ್ರೆ ಅಕ್ಕಾ. ಎಲ್ರಿಗೂ ಹೀಗಾಗಲ್ಲ. ನಿಂಗೂ ಆಗಲ್ಲ ಅಂದ್ಕೊಂಡೆ."

ನನಗೆ ಮೈಯೆಲ್ಲ ಉರಿಯಿತು. ಒಂದು ಬಿಗಿಯಬೇಕು ಅನಿಸಿತು. ಆಕೆ ಆಗಲೂ ಅವನನ್ನು ನಂಬಲು ಒಂದು ದಾರಿ ಹುಡುಕುತ್ತಿದ್ದಳು, ಪಾಪ.

"ಹೋಗ್ಲಿ ಬಿಡು, ನಿಂಗೂ ಗೊತ್ತಿರ್ಲಿಲ್ಲ ಅಲ್ವಾ? ನಿನ್ನ ಹೆಂಡ್ತಿಗೂ ಸೊಂಟನೋವು. ಅವಳಿಗೂ ಇದನ್ನೇ ಕೊಡ್ತಿದ್ದೆ ತಾನೇ?"

ಅವನು ತಲೆ ತಗ್ಗಿಸಿದ.

"ಇಲ್ಲ ಅಕ್ಕಾ. ಹೊಟ್ಟೆ ಹಾಳಾಗತ್ತೆ ಅಂತ ಅವಳಿಗೆ ಕೊಡ್ಲಿಲ್ಲ."