ಬೊಂಬೆಯಮ್ಮನ ಕುರ್ಚಿ

ಮೂಗು ತುರಿಸಿದರೆ ಏನು ಮಾಡಬೇಕೆಂದು ಯಾವ ಪಾಠದಲ್ಲೂ ಹೇಳಿಕೊಡುವುದಿಲ್ಲ. ಬೊಂಬೆಯಮ್ಮ ಅದನ್ನು ತಾನೇ ಕಲಿತಳು. ಏನೂ ಮಾಡಬಾರದು, ಅಷ್ಟೇ. ತುರಿಕೆ ಮೊದಲು ಮೂಗಿನ ತುದಿಯಲ್ಲಿ ಹುಟ್ಟುತ್ತದೆ, ಆಮೇಲೆ ಹುಬ್ಬಿಗೆ ಹತ್ತುತ್ತದೆ, ಕಣ್ಣಲ್ಲಿ ನೀರು ತರಿಸುತ್ತದೆ, ಕೊನೆಗೆ ಕೇಳುವವರಿಲ್ಲದೆ ತಾನಾಗಿ ಹೊರಟುಹೋಗುತ್ತದೆ. ಅಷ್ಟು ಹೊತ್ತೂ ಕೈ ತೊಡೆಯ ಮೇಲೇ ಇರಬೇಕು. ಕೈ ಎತ್ತಿದರೆ ಗಾಳಿ ಅಲುಗುತ್ತದೆ, ಗಾಳಿ ಅಲುಗಿದರೆ ಮೀಟರಿನ ಅಂಕಿ ಅಲುಗುತ್ತದೆ, ಅಂಕಿ ಅಲುಗಿತೋ, ಬೆಳಗಿನಿಂದ ಕೂತದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಅವಳ ಕೆಲಸ ಬೆಸುಗೆ ಲೋಹಗಳ ವೋಲ್ಟೇಜ್ ಅಳೆಯುವುದು. ಬೆಸುಗೆ ಎಂದರೆ ರೇಡಿಯೋ ರಿಪೇರಿಯವನು ಕರಗಿಸಿ ತಂತಿ ಅಂಟಿಸುತ್ತಾನಲ್ಲ, ಅದೇ. ಎರಡು ಬೇರೆ ಲೋಹಗಳನ್ನು ಬೆಸೆದು, ಒಂದು ತುದಿಯ ಬೆಸುಗೆಯನ್ನು ಐಸ್ ನೀರಿನಲ್ಲೂ ಇನ್ನೊಂದನ್ನು ಬಿಸಿ ಎಣ್ಣೆಯಲ್ಲೂ ಇಟ್ಟರೆ ನಡುವೆ ಒಂಚೂರು ವಿದ್ಯುತ್ತು ತಾನಾಗಿ ಹುಟ್ಟುತ್ತದೆ. ಟಾರ್ಚಿನ ಸೆಲ್ಲಿನ ಶಕ್ತಿಯನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲು. ಇಷ್ಟಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಎಂದು ಕೇಳಬೇಡಿ. ಸೂಕ್ಷ್ಮ ಅಳತೆಯ ಯಂತ್ರ ಮಾಡುವವರಿಗೆ ಇದು ಕರೆಯದೆ ಬಂದ ನೆಂಟ. ಬೆಸುಗೆ ಇದ್ದಲ್ಲೆಲ್ಲ ಹುಟ್ಟಿ, ನಿಜವಾದ ಲೆಕ್ಕದ ಪಂಕ್ತಿಯಲ್ಲಿ ತಾನೂ ಎಲೆ ಹಾಕಿಸಿಕೊಂಡು ಕೂತುಬಿಡುತ್ತದೆ. ಅದಕ್ಕೇ ತವರ, ಸೀಸ, ಬೆಳ್ಳಿ ಯಾವ ಹದದಲ್ಲಿ ಬೆರೆತರೆ ಎಷ್ಟು ವೋಲ್ಟೇಜ್ ಎಂದು ಅಳೆದು ಹೇಳುವ ಒಂದು ಪರೀಕ್ಷಾ ಕೇಂದ್ರ. ಅದರ ನೆಲಮಾಳಿಗೆಯಲ್ಲಿ ಒಂದು ಕೋಣೆ. ಆ ಕೋಣೆಯಲ್ಲಿ ಇವಳು.

ಕೋಣೆಗೆ ಕಿಟಕಿಯಿಲ್ಲ, ಫ್ಯಾನಿಲ್ಲ. ಬಾಗಿಲಿನ ಸಂದಿಗೆ ಕಂಬಳಿ ಪಟ್ಟಿ ಹೊಡೆದಿದೆ. ಮೇಜಿಗೆ ಮೊಣಕೈ ತಾಗುವಷ್ಟು ಹತ್ತಿರ ಒಂದು ಕಬ್ಬಿಣದ ಕುರ್ಚಿ. ಐಸಿನ ಪಾತ್ರೆಯ ಪಕ್ಕ ಕೂರುವುದರಿಂದ ಬಿರುಬೇಸಿಗೆಯಲ್ಲೂ ಸ್ವೆಟರ್. ಮೇಲಿನ ಲೇತ್ ಮಷೀನಿನವನು, ಎಲ್ಲರ ಬಾಯಲ್ಲಿ ಲೇತಣ್ಣ, ಒಮ್ಮೆ ಏನೋ ಕೇಳಲು ಬಂದು, ಇವಳು ಮಾತಾಡದೆ ಕಣ್ಣಲ್ಲೇ 'ಹೋಗು' ಎಂದದ್ದನ್ನು ನೋಡಿ, "ಅಯ್ಯಪ್ಪಾ, ಕೆಳಗೆ ಬೊಂಬೆ ಕೂರ್ಸಿದಾರೆ" ಎಂದು ಮೇಲೆ ಹೋಗಿ ಸಾರಿದ. ಹೆಸರು ಅಂಟಿಕೊಂಡಿತು.

ಮನೆಯಲ್ಲೂ ಅದೇ ಪಾಡು. ಅತ್ತೆ ಬಂದವರ ಮುಂದೆಲ್ಲ, "ನಮ್ ಸೊಸೆಗೆ ಕೂರೋದಕ್ಕೇ ಸಂಬಳ ಕೊಡ್ತಾರೆ. ಕೂತು ತಿನ್ನೋರಿಗೆ ಕುಡಿಕೆ ಹೊನ್ನು ಸಾಲಲ್ಲ ಅಂತಾರೆ, ಇವಳು ನೋಡಿ, ಕೂತೇ ಕುಡಿಕೆ ತುಂಬಿಸ್ತಾಳೆ" ಎನ್ನುವರು. ಗಂಡ ಬಸ್ ಡ್ರೈವರು. ಅವನ ವಾದವೇ ಬೇರೆ.

"ನಾನೂ ದಿನವಿಡೀ ಕೂತೇ ಇರ್ತೀನಿ ಕಣೇ. ಆದ್ರೆ ನನ್ನ ಕಿಟಕಿ ಓಡ್ತಾ ಇರುತ್ತೆ."

ಅವನು ತಮಾಷೆಗೆ ಅಂದದ್ದು ಅವಳ ಎದೆಗೆ ನಾಟಿತು. ಓಡುವುದು ಬೇಡ, ನಿಂತ ಕಿಟಕಿಯಾದರೂ ಸಾಕಿತ್ತು. ಅಂಥದೊಂದು ಕಿಟಕಿ ಮೇಲಿನ ಮಹಡಿಯಲ್ಲಿತ್ತು. ಹೊರಗಿನಿಂದ ಬರುವ ಮೀಟರುಗಳನ್ನು ತೆಗೆದುಕೊಂಡು ಪರೀಕ್ಷಿಸಿ ಕೊಡುವ ಮೇಜು. ಅಲ್ಲಿದ್ದವರು ನಿವೃತ್ತರಾಗುವವರಿದ್ದರು. ಆ ಜಾಗ ಕೊಡಿ ಎಂದು ಅವಳು ಕೇಂದ್ರದ ಸಾಹೇಬರನ್ನು ಕೇಳಿಕೊಂಡಳು. ಬಾಯಿಬಿಟ್ಟು ಏನನ್ನೂ ಕೇಳುವ ಹೆಂಗಸಲ್ಲ; ಇದೊಂದನ್ನು ಕೇಳಿದಳು.

"ನಂದೇನೂ ಅಡ್ಡಿ ಇಲ್ಲಮ್ಮ" ಎಂದರು ಸಾಹೇಬರು. "ಆದ್ರೆ ಕೆಳಗೆ ನಿಮ್ಮ ಜಾಗದಲ್ಲಿ ಯಾರು ಕೂತ್ರೂ ಹಳೇ ಅಂಕಿ ಬರಲ್ವಲ್ಲ. ನಿಮ್ದೇನೋ ಕೈಗುಣ. ಬರೋ ಹಾಗೆ ಒಬ್ಬರನ್ನ ತಯಾರು ಮಾಡಿ, ನಾಳೆಯೇ ಮೇಲೆ ಬನ್ನಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡನಂತೆ. ಇಲ್ಲಿ ದೇವರೂ ಪೂಜಾರಿಯೂ ಒಬ್ಬರೇ.

ಲೇತಣ್ಣನನ್ನೇ ಹಿಡಿದಳು. ರಜೆ ಬಂದರೆ ಕೆರೆಯ ದಂಡೆಯಲ್ಲಿ ಗಾಳ ಹಾಕಿಕೊಂಡು ಕಲ್ಲಾಗುವ ಮನುಷ್ಯ; ಕೂರುವುದು ಅವನಿಗೆ ಹೊಸತಲ್ಲ. ಕಾಲು ಉದ್ದ. ಕುರ್ಚಿ ಹಿಂದಕ್ಕೆಳೆದುಕೊಂಡು, ಕಾಲು ಚಾಚಿ, ಕೈಕಟ್ಟಿ ಕೂತ. ತಾನು ಮೊದಲೇ ಅಳೆದಿದ್ದ ಬೆಸುಗೆ ತುಂಡೊಂದನ್ನು ಜೋಡಿಸಿಕೊಟ್ಟು ಅವಳು ಬಾಗಿಲ ಹೊರಗೆ ಕಾದಳು. ಅಂಕಿ ನಿಂತಿತು. ಆದರೆ ಅವಳ ಅಂಕಿಗಿಂತ ತಗ್ಗಿನಲ್ಲಿ ನಿಂತಿತು. ಮರುದಿನವೂ ಅಷ್ಟೇ ತಗ್ಗು.

"ನೋಡಿದ್ರಾ, ಕೈಗುಣ!" ಎಂದರು ಸಾಹೇಬರು.

"ಅಕ್ಕ, ನಾನಂತೂ ಉಸಿರೂ ಬಿಟ್ಟಿಲ್ಲ" ಎಂದ ಲೇತಣ್ಣ, ಅಳುಮುಖ ಮಾಡಿಕೊಂಡು.

ಅವನು ಹೇಳಿದ್ದು ನಿಜವೆಂದು ಅವಳಿಗೆ ಗೊತ್ತಿತ್ತು. ಅಲುಗುವವನ ಅಂಕಿ ಕುಣಿಯುತ್ತದೆ. ಇವನದ್ದು ಕುಣಿದಿರಲಿಲ್ಲ. ಅಂದಮೇಲೆ ಇವನಿಗಿಲ್ಲದ್ದು ಅವಳಲ್ಲಿ ಏನಿದೆ? ಅವನು ಹೋದ ಮೇಲೆ ಅವನ ಹಾಗೆಯೇ ಕುರ್ಚಿಯನ್ನು ಹಿಂದಕ್ಕೆಳೆದು ಕೂತಳು. ಅಂಕಿ ತಗ್ಗಿತು. ಮುಂದಕ್ಕೆಳೆದು ಮೇಜಿಗೆ ಮೊಣಕೈ ತಾಗಿಸಿ ಕೂತಳು. ನಿಧಾನಕ್ಕೆ ಏರಿ ತನ್ನ ಹಳೆಯ ಜಾಗಕ್ಕೆ ಬಂದು ನಿಂತಿತು. 

ಮೇಜಿನ ಕೆಳಗೆ ನುಗ್ಗಿ, ಮೀಟರಿಗೆ ಹೋಗುವ ತಂತಿಯನ್ನು ಬೆರಳಲ್ಲಿ ಹಿಡಿದು ಹೋದಳು. ತಾಮ್ರ, ತಾಮ್ರ, ತಾಮ್ರ. ಆಮೇಲೆ, ಹಲಗೆಯ ಮರೆಯಲ್ಲಿ, ಧೂಳು ಹಿಡಿದ ಒಂದು ಹಿತ್ತಾಳೆ ಪಟ್ಟಿ. ಒಂದು ತುದಿ ಅವಳ ಮೊಣಕೈಯ ಸರೀ ಕೆಳಗೆ, ಇನ್ನೊಂದು ತಣ್ಣನೆಯ ಗೋಡೆಯ ಕಡೆಗೆ. ತಂತಿ ಗಿಡ್ಡವಾಗಿತ್ತೆಂದು ಯಾರೋ ಸಿಕ್ಕಿದ್ದನ್ನು ಸಿಕ್ಕಿಸಿದ್ದರು. ಯಾರೋ ಎಂದರೇನು, ಅವಳಿಗೆ ಈ ಕೆಲಸ ಕಲಿಸಿದ ಮೇಷ್ಟ್ರೇ. ಸ್ಕ್ರೂ ತಿರುಪಿದ ಮೇಲೆ ಉಗುರುಬಣ್ಣದ ಚುಕ್ಕೆಯಿಡುವ ಅಭ್ಯಾಸ ಅವರೊಬ್ಬರದ್ದು; ಚುಕ್ಕೆ ಅಲ್ಲೇ ಇತ್ತು. ಇವತ್ತಿಗಿರಲಿ, ನಾಳೆ ಸರಿಮಾಡೋಣ ಎಂದುಕೊಂಡಿದ್ದಿರಬೇಕು. ಆ ನಾಳೆ ಬರುವ ಮೊದಲು ಪುಣ್ಯಾತ್ಮರೇ ಹೋಗಿಬಿಟ್ಟರು. ಹಿತ್ತಾಳೆಯೂ ತಾಮ್ರವೂ ಬೇರೆ ಲೋಹ. ಒಂದು ತುದಿ ಬೆಚ್ಚಗಾದರೆ ಅಲ್ಲೂ ವೋಲ್ಟೇಜ್ ಹುಟ್ಟುತ್ತದೆ. ಬೆಚ್ಚಗೆ ಮಾಡುತ್ತಿದ್ದದ್ದು ಇವಳ ಮೈಕಾವು. ಉಸಿರು ಬಿಟ್ಟರೆ, ಕೈ ಬೀಸಿದರೆ ಅಂಕಿ ಕುಣಿಯುತ್ತಿದ್ದದ್ದೂ ಈ ಪಟ್ಟಿಯಿಂದಲೇ.

ಇಷ್ಟು ವರ್ಷ ಅವಳು ಬೆಸುಗೆಯನ್ನಷ್ಟೇ ಅಳೆದಿರಲಿಲ್ಲ. ಪ್ರತಿಯೊಂದರ ಜೊತೆಗೂ ತನ್ನನ್ನೂ ಒಂದಿಷ್ಟು ಸೇರಿಸಿ ಅಳೆದು ಕಳಿಸಿದ್ದಳು.

ಹೇಳಿದರೆ ಇಷ್ಟು ವರ್ಷದ ದುಡಿಮೆಯೆಲ್ಲ ತಪ್ಪೆಂದು ತಾನೇ ಸಾರಿದ ಹಾಗೆ. ಹೇಳದಿದ್ದರೆ ಈ ಕುರ್ಚಿಯೇ ಗತಿ. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆ ವಾರವೆಲ್ಲ ಮನೆಯಲ್ಲಿ ತುತ್ತು ಇಳಿಯಲಿಲ್ಲ. ಕೊನೆಗೆ ಸಾಹೇಬರನ್ನು ಕೆಳಗೆ ಕರೆದು, ಟಾರ್ಚು ಹಿಡಿದು ಪಟ್ಟಿಯನ್ನು ತೋರಿಸಿದಳು.

ಸಾಹೇಬರು ಬಗ್ಗಿ ನೋಡಿದರು. ಎದ್ದಾಗ ಮೊಣಕಾಲಿನ ಧೂಳು ಕೊಡವಲೂ ಮರೆತಿದ್ದರು.

"ಇದನ್ನ ಯಾರಿಗೂ ಹೇಳ್ಬೇಡಿ."

"ತೆಗೆದುಬಿಟ್ರೆ ಸರಿಹೋಗುತ್ತೆ ಸರ್."

"ಮುಟ್ಲೇಬೇಡಿ! ತೆಗೆದ್ರೆ ಎಲ್ಲಾ ಅಂಕಿನೂ ಬದಲಾಗುತ್ತೆ. ಹಳೇದಕ್ಕೆ ಏನಂತ ಉತ್ತರ ಕೊಡೋದು? ಎಷ್ಟು ಜನ ನಿಮ್ಮ ಅಂಕಿ ನಂಬ್ಕೊಂಡು ಯಂತ್ರ ಮಾಡಿದಾರೆ." ಅಷ್ಟರಲ್ಲಿ ಅವರ ಮುಖ ಅರಳಿತು. "ಅಲ್ರೀ, ಬೇಕಾಗಿರೋದು ನಿಮ್ಮ ಬಿಸಿ ತಾನೆ? ಅದಕ್ಕೆ ನೀವೇ ಯಾಕೆ ಬೇಕು?"

ತಾವೇ ಹೋಗಿ ಸ್ಟೋರಿನಿಂದ ಬಲ್ಬು ತಂದರು. ಹಳೆಯ ಎಣ್ಣೆ ಡಬ್ಬಿಯೊಳಗೆ ಬಲ್ಬು, ಡಬ್ಬಿ ಕುರ್ಚಿಯ ಮೇಲೆ. ಕಾವು ಹೆಚ್ಚಾಯಿತೆಂದು ಡಬ್ಬಿಗೆ ಅವಳ ಸ್ವೆಟರನ್ನೇ ಸುತ್ತಿದರು. ಅಂಕಿ ಏರಿತು, ನಿಂತಿತು. ಅವಳ ಅಂಕಿಯೇ. ಅವಳಿಗಿಂತ ಗಟ್ಟಿಯಾಗಿ ನಿಂತಿತು, ಏಕೆಂದರೆ ಬಲ್ಬಿಗೆ ಮೂಗಿಲ್ಲ.

"ಸೋಮವಾರದಿಂದ ಮೇಲೆ ಕೂತ್ಕೊಳ್ಳಿ" ಎಂದರು ಸಾಹೇಬರು, ಮದುವೆ ಮುಗಿಸಿದ ಹೆಣ್ಣಿನ ತಂದೆಯ ಹಾಗೆ ಬೆವರು ಒರೆಸಿಕೊಳ್ಳುತ್ತ.

ಗಂಡ ಕುಣಿದಾಡಿದ. "ಬಿಡ್ಬೇಡ ಕಣೇ. ಬಲ್ಬ್ ಅಲ್ಲಿ ಕೂತ್ಕೊಳ್ಳಿ, ನೀನಿಲ್ಲಿ ಗಾಳಿ ತಗೋ!" ಅತ್ತೆ ಮಾತ್ರ, "ಅಂದ್ರೆ ಇಷ್ಟು ವರ್ಷ ಒಂದು ಬಲ್ಬ್ ಮಾಡೋ ಕೆಲ್ಸಾನಾ ಮಾಡ್ತಿದ್ದದ್ದು?" ಎಂದು ಕೇಳಿದರು. ಈ ಸಲ ಅವರು ಗೇಲಿ ಮಾಡಿರಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು.

ಶನಿವಾರ ತನ್ನ ಊಟದ ಡಬ್ಬಿ, ನೀರಿನ ಬಾಟಲಿ ತೆಗೆದುಕೊಂಡು ಹೊರಡುವ ಮೊದಲು ಕುರ್ಚಿಯ ಕಡೆ ನೋಡಿದಳು. ಅವಳ ಸ್ವೆಟರ್ ತೊಟ್ಟ ಡಬ್ಬಿ ಸೊಗಸಾಗಿ ಕೂತಿತ್ತು. ನಾಳೆ ಈ ಬಲ್ಬು ಸುಟ್ಟುಹೋಗುತ್ತದೆ. ಇನ್ನೊಬ್ಬ ಬೇರೆ ಬಲ್ಬು ಹಾಕುತ್ತಾನೆ. ಮತ್ತೊಬ್ಬ, ಇದೇಕೆ ಇಲ್ಲಿ ಎಂದು ಎತ್ತಿಡುತ್ತಾನೆ. ಸುಳ್ಳು ಮಾತ್ರ ಮೇಜಿನ ಕೆಳಗೆ ಆರಾಮಾಗಿ ಮಲಗಿರುತ್ತದೆ, ಮೇಷ್ಟ್ರದ್ದಲ್ಲ, ಈಗ ಅವಳದ್ದು. ತಿಳಿಯದೆ ಮಾಡಿದ್ದಕ್ಕೆ ಕ್ಷಮೆ ಇದೆ. ತಿಳಿದೂ ಸ್ವೆಟರ್ ಹೊದಿಸಿ ಹೋದರೆ? ಅವಳಿಗೆ ಸಿಟ್ಟು ಬಂತು. ಮೇಷ್ಟ್ರ ಮೇಲೆ, ಸಾಹೇಬರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಸುಮ್ಮನೆ ಹೊರಟುಹೋಗಲಾರದ ತನ್ನ ಹಾಳು ಬುದ್ಧಿಯ ಮೇಲೆ. ಊಟದ ಡಬ್ಬಿ ಕೆಳಗಿಟ್ಟು ಸ್ಕ್ರೂಡ್ರೈವರ್ ಹುಡುಕಿದಳು. ಪಟ್ಟಿ ಕಿತ್ತು, ಆ ಜಾಗಕ್ಕೆ ತಾಮ್ರದ ಉದ್ದನೆಯ ತಂತಿ ಎಳೆದಳು.

ಸೋಮವಾರ ಪಟ್ಟಿಯನ್ನು ಸಾಹೇಬರ ಮೇಜಿನ ಮೇಲಿಟ್ಟಾಗ ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಹಳೇ ಬೆಸುಗೆ ತುಂಡುಗಳೆಲ್ಲ ಬೀರುವಲ್ಲಿವೆ" ಎಂದರು ಕೊನೆಗೆ. "ಎಲ್ಲಾ ಮತ್ತೆ ಅಳೀಬೇಕು. ಆಗ ಅಳೆದೋರೇ ಈಗ್ಲೂ ಅಳೀಬೇಕು, ಆಗ್ಲೇ ಜನ ನಂಬೋದು. ಬೇರೆ ಯಾರಾದ್ರೂ ಅಳೆದ್ರೆ, ಆಳು ಬದಲಾಗಿದ್ದಕ್ಕೇ ಅಂಕಿ ಬದಲಾಯ್ತು ಅಂತಾರೆ."

"ಗೊತ್ತು ಸರ್."

"ಅದು ಮುಗಿಯೋವರೆಗೂ ಮೇಲಿನ ಜಾಗ ಖಾಲಿ ಇಡೋಕಾಗಲ್ಲ."

ಕಿಟಕಿಯ ಮೇಜು ಲೇತಣ್ಣನಿಗೆ ಹೋಯಿತು. ಮೇಷ್ಟ್ರು ಸಿಕ್ಕಿಸಿದ ಪಟ್ಟಿಗೆ ಇವಳಿಗೆ ಸಜೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಲೇತಣ್ಣ ಮುಖ ತೋರಿಸಲಾರದೆ ಎರಡು ದಿನ ಬೇರೆ ಮೆಟ್ಟಿಲು ಹತ್ತಿದ. ಗಂಡ ಅವತ್ತು ಅವಳನ್ನು ಬಿಟ್ಟು ಒಬ್ಬನೇ ಊಟಕ್ಕೆ ಕೂತ. ಅವಳು ಬೀರು ತೆರೆದಳು. ಮೇಲಿನಿಂದ ಕೆಳಗಿನವರೆಗೆ ತುಂಡುಗಳು. ಇವು ಮುಗಿಯುವ ಹೊತ್ತಿಗೆ ತಲೆ ಪೂರ್ತಿ ನೆರೆತಿರುತ್ತದೆ ಎಂದುಕೊಂಡಳು. ಅದು ಸುಳ್ಳೂ ಆಗಿರಲಿಲ್ಲ. ಕಂಬಳಿ ಪಟ್ಟಿ ಸವರುವ ಹಾಗೆ ಬಾಗಿಲು ಎಳೆದು ಹಾಕಿಕೊಂಡಳು.

ಮೊದಲ ತುಂಡನ್ನು ಜೋಡಿಸಿ, ಸ್ವೆಟರ್ ಹಾಕಿಕೊಂಡು, ಕೈ ತೊಡೆಯ ಮೇಲಿಟ್ಟು ಕೂತಳು. ಅಂಕಿ ಇಳಿಯುತ್ತ ಬಂದು ನಿಂತಿತು. ಕಾದುಕೊಂಡಿದ್ದ ಹಾಗೆ ಮೂಗಿನ ತುದಿಯಲ್ಲಿ ತುರಿಕೆ ಹುಟ್ಟಿತು. ಹುಬ್ಬಿಗೆ ಹತ್ತಿತು. ಕಣ್ಣಲ್ಲಿ ನೀರು ಬಂತು. ಅವಳು ರೂಢಿಯಂತೆ ಹಲ್ಲು ಕಚ್ಚಿದಳು. ಆಮೇಲೆ, ಪಟ್ಟಿ ಇಲ್ಲವಲ್ಲ ಎಂದು ನೆನಪಾಯಿತು.

ಕೈ ಎತ್ತಿ ಮೂಗು ಕೆರೆದುಕೊಂಡಳು. ಅಂಕಿ ಅಲುಗಲಿಲ್ಲ. ಎದ್ದು ನಿಂತಳು. ಅಲುಗಲಿಲ್ಲ. ಸೆರಗು ಬೀಸಿ ಗಾಳಿ ಹಾಕಿದಳು, ಮೇಜಿನ ಸುತ್ತ ನಡೆದಳು, ಕುರ್ಚಿಯನ್ನು ಮೂಲೆಗೆ ತಳ್ಳಿದಳು. ಅವಳಿದ್ದರೂ ಅದೇ ಅಂಕಿ, ಇಲ್ಲದಿದ್ದರೂ ಅದೇ ಅಂಕಿ. ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು, ಯಾವುದು ಯಾವುದಕ್ಕೆ ಎಂದು ಬಿಡಿಸಲು ಹೋಗಲಿಲ್ಲ. ಗೋಡೆಗೊರಗಿ ನೆಲದ ಮೇಲೆ ಕಾಲು ಚಾಚಿ ಕೂತು, ತುರಿಕೆ ಹೋಗಿದ್ದರೂ ಇನ್ನೊಮ್ಮೆ ಮೂಗು ಕೆರೆದುಕೊಂಡಳು.