ಮಾಗಿಯ ದಾರಿಗೆ ತಕ್ಕ ಟೈರು

ಇದನ್ನು ಬರೆಯುವುದನ್ನು ಬಹಳ ವರ್ಷ ಮುಂದೂಡಿದೆ. ಇಂದು ಯಳಂದೂರಿನ ಬಸ್ಸು ತಡವಾಗಿ, ಕೊಳ್ಳೇಗಾಲದ ಸೈಕಲ್ ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದೇನೆ. ಒಂದು ಮಾಗಿಯ ಬೆಳಿಗ್ಗೆ ನಾನೂ ನನ್ನ ಸಹಪಾಠಿಯೂ ಇಲ್ಲಿಯೇ ಬಾಡಿಗೆ ಸೈಕಲ್ ಆರಿಸಿದ್ದೆವು. ಹನೂರಿನ ಶಾಲೆಯಲ್ಲಿ ಇದ್ದದ್ದು ಒಂದೇ ಮೇಷ್ಟರ ಕೆಲಸ. ಕೇಳಲು ಹೊರಟವರು ಇಬ್ಬರು.

ಅವನು ರೇಷ್ಮೆ ನೇಯುವವರ ಮನೆಯವನು. ಸವೆದ ಟೈರಿನ ಸೈಕಲ್ಲನ್ನು ಎತ್ತಿ ನೋಡಿ, "ಅಗುರಾಗಿ ಅದೆ ಕಣ್ಲಾ, ರೇಷ್ಮೆ ಎಳೆ ಜಾರ್ದಂಗೆ ಓಯ್ತದೆ," ಎಂದು ನಕ್ಕ. ಮಾಗಿಯಲ್ಲಿ ಕಣದ ಬೇಲಿಗೆಂದು ಗಾಡಿಗಳಲ್ಲಿ ಸಾಗಿಸುವ ಜಾಲಿಮುಳ್ಳು ದಾರಿಯುದ್ದಕ್ಕೂ ಉದುರಿರುತ್ತದೆಂದು ಬೇಸಾಯದ ಮನೆಯವನಾದ ನನಗೆ ಗೊತ್ತಿತ್ತು. ಹೇಳಲಿಲ್ಲ. ದಪ್ಪ ಟೈರಿನದನ್ನು ನಾನು ಹಿಡಿದೆ.

ಅರ್ಧ ದಾರಿಯಲ್ಲಿ ಮುಳ್ಳು ಚುಚ್ಚಿ ಅವನ ಎರಡೂ ಟೈರಿನ ಗಾಳಿ ಹೋಯಿತು. "ನೀನಾದ್ರೂ ಓಗ್ಲಾ, ಒತ್ತಾಯ್ತದೆ. ನಾನೂ ಬತ್ತಾ ಇವ್ನಿ ಅಂತ ಅವ್ರಿಗೆ ಯೋಳು," ಎಂದ.

ಅದನ್ನೂ ನಾನು ಹೇಳಲಿಲ್ಲ. ಕೆಲಸ ನನಗಾಯಿತು. ಮಧ್ಯಾಹ್ನ ಸೈಕಲ್ ತಳ್ಳಿಕೊಂಡು ಬಂದವನು, ಸುದ್ದಿ ಕೇಳಿ ನನ್ನ ಬೆನ್ನು ತಟ್ಟಿದ. ಮತ್ತೆ ಮಗ್ಗಕ್ಕೇ ಹೋದ. ಈಗ ಅವನಿಲ್ಲ.

ಅಂಗಡಿಯವನು ಯಾರಿಗೋ ಟೈರು ಒತ್ತಿ ತೋರಿಸುತ್ತಿದ್ದಾನೆ. ಆ ಹನೂರಿನ ದಾರಿಯಲ್ಲಿ ಇನ್ನೊಮ್ಮೆ ನನ್ನ ಆ ಸಹಪಾಠಿಯ ಪಕ್ಕದಲ್ಲಿ, ಆ ಸವೆದ ಟೈರಿನ ಮೇಲೆ ನಾನು ಹೋಗಬೇಕೆನಿಸುತ್ತದೆ. ಅವನ ಹೆಸರು ರಾಮಲಿಂಗ.